ತುರಹಳ್ಳಿ ಕಾಡಿನ ಬೇಲಿ ಪಕ್ಕದ ಬಾಟಲಿಗಳು – ಭಾನುವಾರ ಯಾರು ಬರ್ತೀರಿ?

3ನೇ ಅಡ್ಡರಸ್ತೆ, ಮನೆ 18:
ಇವತ್ತು ಬೆಳಗ್ಗೆ ವಾಕಿಂಗ್ ಹೋದಾಗ ಬೇಲಿ ಪಕ್ಕ ಒಂದು ಮುಂಗುಸಿ ಕಂಡಿತು. ತಲೆ ಪೂರ್ತಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಿಕ್ಕಿಕೊಂಡಿತ್ತು, ಉಪ್ಪಿನಕಾಯಿ ಡಬ್ಬಿ ಇರಬೇಕು, ಒಳಗೆ ಉಸಿರಿನ ಆವಿ ಕಟ್ಟಿ ಮುಖವೇ ಕಾಣುತ್ತಿರಲಿಲ್ಲ. ಡಬ್ಬಿಯನ್ನು ಕಲ್ಲಿಗೆ ಬಡಿಯುತ್ತಾ ಸುತ್ತುತ್ತಿತ್ತು. ನಾನು ಹತ್ತಿರ ಹೋಗುವಷ್ಟರಲ್ಲಿ ಲಂಟಾನ ಪೊದೆಗೆ ನುಗ್ಗಿಬಿಟ್ಟಿತು. ತುಂಬಾ ಸಂಕಟವಾಯ್ತು. ಅಲ್ಲೇ ಹತ್ತು ಹೆಜ್ಜೆಯೊಳಗೆ ಜ್ಯೂಸ್ ಬಾಟಲಿ, ಮೊಸರಿನ ಕಪ್, ಗಂಟು ಕಟ್ಟಿದ ಕಸದ ಕವರ್. ಎಲ್ಲ ಹೊರಗಿನವರು ಹಾಕಿದ್ದಲ್ಲ, ನಮ್ಮ ಲೇಔಟಿನ ಕಸವೂ ಇದೆ. ಭಾನುವಾರ 6.30ಕ್ಕೆ ಸೇರಿ ತೆಗೆಯೋಣವಾ?

5ನೇ ಅಡ್ಡರಸ್ತೆ, ಮನೆ 7:
ನಾವಿಬ್ಬರೂ ಬರುತ್ತೇವೆ. ಹೋದ ತಿಂಗಳು ಖಾಲಿ ಸೈಟಿನಲ್ಲಿ ಒಂದು ಬಾಟಲಿ ಎತ್ತಿದೆ, ಒಳಗೆ ಎರಡು ಸುಂಡಿಲಿ ಸತ್ತು ಅಂಟಿಕೊಂಡಿದ್ದವು. ತಳದಲ್ಲಿ ಉಳಿದ ಸಿಹಿಗೋ, ಅದಕ್ಕೆ ಬಂದ ಹುಳಕ್ಕೋ ಒಳಗೆ ಹೋಗುತ್ತವೆ, ಬಾಟಲಿಯ ಬಾಯಿ ಸ್ವಲ್ಪ ಮೇಲಕ್ಕಿದ್ದರೆ ಸಾಕು, ಒಳಗೋಡೆ ನುಣುಪು, ಉಗುರಿಗೆ ಹಿಡಿತ ಸಿಗಲ್ಲ. ಸುಂಡಿಲಿ ಊಟವಿಲ್ಲದೆ ಹೆಚ್ಚು ಹೊತ್ತು ಬದುಕಲ್ಲ. ಇಲಿ ಅಂತ ಹೊಡೀತಾರೆ ಜನ, ಪಾಪ ಅದು ಜಿರಳೆ ತಿನ್ನೋ ಪ್ರಾಣಿ.

1ನೇ ಮುಖ್ಯರಸ್ತೆ, ಮನೆ 31:
ಕಸದ ಆಟೋ ದಿನಾ ಬಂದರೆ ಯಾರೂ ಬೇಲಿ ಹತ್ತಿರ ಎಸೆಯಲ್ಲ. ನಾವು ಒಂದು ದಿನ ತೆಗೆದರೆ ಮಂಗಳವಾರಕ್ಕೆ ಮತ್ತೆ ಅಷ್ಟೇ ಇರುತ್ತೆ.

3ನೇ ಅಡ್ಡರಸ್ತೆ, ಮನೆ 18:
ಆಟೋ ವಿಷಯ ನಿಜ. ದೂರು ಬರೆದಿದ್ದೇನೆ, ಭಾನುವಾರ ಎಲ್ಲರೂ ಸಹಿ ಹಾಕಿ. ಆದರೆ ಆಟೋ ಬರಲಿಲ್ಲ ಅಂದರೆ ಕಸ ಮನೆಯಲ್ಲೇ ಇನ್ನೊಂದು ದಿನ ಇರಲಿ, ಕಾಡಿಗೆ ಯಾಕೆ? ಡಬ್ಬಿ ತೊಳೆದು ಮುಚ್ಚಳ ಹಾಕಿ ಕೊಡಿ. ಬಾಟಲಿಯನ್ನು ತುಳಿದು ಚಪ್ಪಟೆ ಮಾಡಿ ಮುಚ್ಚಳ ತಿರುಗಿಸಿ. ಪ್ಲಾಸ್ಟಿಕ್ ಲೋಟ, ತಟ್ಟೆ 2022ರ ಜುಲೈ 1ರಿಂದಲೇ ನಿಷೇಧ, ನಮ್ಮ ಗಣೇಶನ ಹಬ್ಬದಲ್ಲಿ ಮಾತ್ರ ಇನ್ನೂ ಬರ್ತಿವೆ. ಈ ಸಲ ಸ್ಟೀಲ್ ಲೋಟ ಇಡೋಣ, ತೊಳೆಯೋಕೆ ನಾನಿದ್ದೇನೆ.

2ನೇ ಅಡ್ಡರಸ್ತೆ, ಮನೆ 4:
ಮಕ್ಕಳನ್ನು ಕರೆತರಬಹುದಾ?

3ನೇ ಅಡ್ಡರಸ್ತೆ, ಮನೆ 18:
ಖಂಡಿತ. ಗ್ಲೌಸ್, ಶೂ ಇರಲಿ, ಪೊದೆಯೊಳಗೆ ಕೈ ಹಾಕೋದು ಬೇಡ, ಹಾವಿರುತ್ತೆ. ಸಿಕ್ಕಿಕೊಂಡ ಪ್ರಾಣಿ ಕಂಡರೆ ಹಿಡಿಯಲು ಹೋಗಬೇಡಿ, ಹೆದರಿ ಕಚ್ಚುತ್ತೆ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ನಾನೂ ಬೆಳಗ್ಗೆ ಮಾಡಿದ್ದೇನೆ. ಮುಂಗುಸಿ ಹಗಲು ಓಡಾಡುವ ಪ್ರಾಣಿ, ಬೆಳಕಿರುವಾಗಲೇ ಆ ಪೊದೆ ಹತ್ತಿರ ಇನ್ನೊಮ್ಮೆ ನೋಡಿ ಬರುತ್ತೇನೆ. ಯಾರಾದರೂ ಜೊತೆಗೆ ಬರ್ತೀರಾ? ಐದು ಗಂಟೆಗೆ ಗೇಟ್ ಹತ್ತಿರ ಇರುತ್ತೇನೆ.