ಹಡಗಿನ ಸೆಕ್ಯೂರಿಟಿ ಆಫೀಸರ್ ಕೈಯಲ್ಲಿ ಬಂದೂಕು ಇರುತ್ತದಾ?

ಪ್ರಶ್ನೆ:
ನಮಸ್ಕಾರ ಸರ್. ನಾನು ಕುಂದಾಪುರದವಳು. ಮಗ ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್. ಈ ಸಲ ಹೋಗುವಾಗ ಶಿಪ್ ಸೆಕ್ಯೂರಿಟಿ ಆಫೀಸರ್ ಕೆಲಸವೂ ಅವನಿಗೇ ಅಂತೆ. ಕಡಲ್ಗಳ್ಳರ ಸುದ್ದಿ ನೋಡಿದಾಗಿಂದ ನನಗೆ ನಿದ್ದೆ ಇಲ್ಲ. ಅವನ ಕೈಗೆ ಬಂದೂಕು ಕೊಡುತ್ತಾರಾ? ಕೇಳಿದರೆ "ಏನಿಲ್ಲಮ್ಮ, ಪೇಪರ್ ಕೆಲಸ" ಅಂತಾನೆ.

ಉತ್ತರ (ಚೀಫ್ ಆಫೀಸರ್, ಸರಕು ಹಡಗು):
ನಮಸ್ಕಾರ ಅಮ್ಮ. ಮೊದಲು ನಿಮ್ಮ ಭಯಕ್ಕೆ ಉತ್ತರ: ಬಂದೂಕು ಕೊಡುವುದಿಲ್ಲ. ಅಪಾಯದ ದಾರಿಯಲ್ಲಿ ಕೆಲವು ಕಂಪನಿಗಳು ಆಯುಧ ಇರುವ ಗಾರ್ಡ್‌ಗಳನ್ನು ಬೇರೆಯಾಗಿ ಕರೆಸುತ್ತವೆ. ಅದು ಅವರ ಕೆಲಸ, ನಿಮ್ಮ ಮಗನದ್ದಲ್ಲ.

2001ರಲ್ಲಿ ಅಮೆರಿಕದ ಮೇಲೆ ದಾಳಿ ಆದ ನಂತರ ಹಡಗು, ಬಂದರುಗಳಿಗೂ ಭದ್ರತೆಯ ನಿಯಮ ಬೇಕು ಅಂತಾಯಿತು. ಹಾಗೆ ಬಂದದ್ದೇ ಐಎಸ್‌ಪಿಎಸ್ ಕೋಡ್. 2004ರ ಜುಲೈ 1ರಿಂದ ಜಾರಿಯಲ್ಲಿದೆ. ದೇಶದಿಂದ ದೇಶಕ್ಕೆ ಓಡಾಡುವ, 500 ಗ್ರಾಸ್ ಟನೇಜ್ (ಹಡಗಿನ ಗಾತ್ರದ ಅಳತೆ) ಮತ್ತು ಅದಕ್ಕಿಂತ ದೊಡ್ಡ ಪ್ರತಿ ಸರಕು ಹಡಗಿನಲ್ಲೂ ಒಬ್ಬ ಸೆಕ್ಯೂರಿಟಿ ಆಫೀಸರ್ ಇರಲೇಬೇಕು. ಹಾಗಂತ ಹೊಸ ಮನುಷ್ಯನನ್ನು ತರುವುದಿಲ್ಲ. ಇರುವ ಆಫೀಸರ್‌ಗಳಲ್ಲೇ ಒಬ್ಬರಿಗೆ ಈ ಹೊಣೆ. ಅವರು ಕ್ಯಾಪ್ಟನ್‌ಗೆ ಉತ್ತರ ಕೊಡಬೇಕು. ದಡದಲ್ಲಿ ಕಂಪನಿಯ ಸೆಕ್ಯೂರಿಟಿ ಆಫೀಸರ್ ಇರುತ್ತಾರೆ. ನಮ್ಮ ಪಣಂಬೂರಿನಂಥ ಬಂದರಿನಲ್ಲಿ ಬಂದರಿನದೇ ಆಫೀಸರ್ ಇರುತ್ತಾರೆ. ಮೂವರೂ ಮಾತಾಡಿಕೊಂಡು ನಡೆಯಬೇಕು.

ಪೇಪರ್ ಕೆಲಸ ಅಂದದ್ದು ಅರ್ಧ ನಿಜ. ಉಳಿದರ್ಧ ಗ್ಯಾಂಗ್‌ವೇಯಲ್ಲಿ, ಅಂದರೆ ಹಡಗಿಗೆ ಹತ್ತುವ ಏಣಿಯ ಬಾಯಲ್ಲಿ ಇರುತ್ತದೆ. ಒಮ್ಮೆ ಒಂದು ಬಂದರಿನಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬ ಬಂದ. ಹೆಲ್ಮೆಟ್ ಇತ್ತು, ಹೊಳೆಯುವ ಜಾಕೆಟ್ ಇತ್ತು, ಗುರುತಿನ ಚೀಟಿ ಇರಲಿಲ್ಲ. "ಏಜೆಂಟ್ ಕಡೆಯವನು, ಕ್ಯಾಪ್ಟನ್ ಕರೆದಿದ್ದಾರೆ" ಅಂದ. ಗ್ಯಾಂಗ್‌ವೇಯಲ್ಲಿದ್ದ ನಮ್ಮ ಎಬಿ ಹುಡುಗ, ಅಂದರೆ ಡೆಕ್ಕಿನ ನಾವಿಕ, ಬಿಡಲಿಲ್ಲ. ಬಂದವನು ಕೂಗಾಡಿದ. ಹುಡುಗ ಸುಮ್ನೆ ನಿಂತು ವಾಕಿಟಾಕಿಯಲ್ಲಿ ನನ್ನನ್ನು ಕರೆದ. ನಾನು ಏಜೆಂಟ್‌ಗೆ, ಅಂದರೆ ಬಂದರಿನಲ್ಲಿ ಹಡಗಿನ ಕೆಲಸ ನೋಡಿಕೊಳ್ಳುವವರಿಗೆ, ಫೋನ್ ಮಾಡಿದೆ. ಅಂಥವರು ಯಾರೂ ಗೊತ್ತಿಲ್ಲ ಅಂದರು. ಅಷ್ಟರಲ್ಲಿ ಅವನು ಇಳಿದು ಹೋಗಿದ್ದ. ಯಾಕೆ ಬಂದಿದ್ದ, ಇವತ್ತಿಗೂ ಗೊತ್ತಿಲ್ಲ. ಮರುದಿನ ಎಲ್ಲರ ಮುಂದೆ ಆ ಹುಡುಗನ ಬೆನ್ನು ತಟ್ಟಿದೆ. "ಇಲ್ಲ" ಅಂದರೆ ಆಫೀಸರ್ ತನ್ನ ಜೊತೆ ನಿಲ್ಲುತ್ತಾರೆ ಎಂಬ ಧೈರ್ಯ ಎಬಿಗೆ ಇರಬೇಕು. ಅದನ್ನು ಕೊಡುವುದೇ ಈ ಕೆಲಸದ ದೊಡ್ಡ ಪಾಲು ಅಂತ ನನ್ನ ಅನುಭವ.

ಇನ್ನೊಂದು, ಹೊರಡುವ ಮುಂಚಿನ ಹುಡುಕಾಟ. ಕದ್ದು ಹತ್ತಿದವರು ಎಲ್ಲೆಲ್ಲೋ ಅಡಗಿರುತ್ತಾರೆ. 2022ರ ನವೆಂಬರ್‌ನಲ್ಲಿ ನೈಜೀರಿಯಾದ ಲಾಗೋಸ್‌ನಿಂದ ಹೊರಟ ಅಲಿಥಿನಿ 2 ಎಂಬ ಟ್ಯಾಂಕರ್ 11 ದಿನಗಳ ನಂತರ ಕ್ಯಾನರಿ ದ್ವೀಪ ಮುಟ್ಟಿತು. ಅದರ ಹಿಂಬದಿಯಲ್ಲಿ, ಹೊರಗಡೆ ನೀರಿಗಿಳಿದಿರುವ ಚುಕ್ಕಾಣಿಯ ಮೇಲೆ ಮೂವರು ಕೂತಿದ್ದರು, ಕಾಲ ಕೆಳಗೇ ನೀರು. ಬದುಕಿ ಉಳಿದರು. ಹುಡುಕುವುದು ಹಡಗಿನ ಸಲುವಾಗಿ ಮಾತ್ರ ಅಲ್ಲ, ಅವರ ಜೀವದ ಸಲುವಾಗಿಯೂ ಹೌದು, ಅಲ್ವಾ?

ಪ್ರಶ್ನೆ (ಡೆಕ್ ಕೆಡೆಟ್, ಆಫೀಸರ್ ಆಗಲು ತರಬೇತಿಯಲ್ಲಿರುವವನು):
ಸರ್, ಇದಕ್ಕೆ ಕೋರ್ಸ್ ಇದೆಯಾ? ಹಡಗಿನಲ್ಲಿ ಲೆವೆಲ್ 1, ಲೆವೆಲ್ 2 ಅಂತಾರಲ್ಲ, ಅದೇನು?

ಉತ್ತರ:
ಇದೆ ತಮ್ಮಾ, ಡಿಜಿ ಶಿಪ್ಪಿಂಗ್ (ಹಡಗುಗಳ ವಿಷಯ ನೋಡುವ ಕೇಂದ್ರ ಸರ್ಕಾರದ ಕಚೇರಿ) ಒಪ್ಪಿಗೆ ಇರುವ ಸಂಸ್ಥೆಯಲ್ಲೇ ಮಾಡು. ಸಾಮಾನ್ಯವಾಗಿ 12 ತಿಂಗಳ ಸಮುದ್ರ ಸೇವೆ ಬೇಕು. ಲೆವೆಲ್ 1 ಅಂದರೆ ಎಂದಿನ ದಿನ. 2 ಅಂದರೆ ಅಪಾಯ ಜಾಸ್ತಿ, ಕಾವಲೂ ಜಾಸ್ತಿ. 3 ಅಂದರೆ ದಾಳಿ ಆಗುವ ಸಾಧ್ಯತೆ ತೀರಾ ಹತ್ತಿರ, ಅಥವಾ ಆಗುತ್ತಿದೆ. ಲೆವೆಲ್ ಹೇಳುವುದು ಸರ್ಕಾರಗಳು.

ಮೂರು ತಿಂಗಳಿಗೊಮ್ಮೆಯಾದರೂ ಭದ್ರತೆಯ ಡ್ರಿಲ್, ಅಂದರೆ ಅಣಕು ಅಭ್ಯಾಸ, ಆಗಬೇಕು. ಒಂದೇ ಸಲಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಜನ ಬದಲಾಗಿ, ಹೊಸಬರು ಆ ಹಡಗಿನಲ್ಲಿ ಈಚೆಗೆ ಡ್ರಿಲ್ ಮಾಡಿರದಿದ್ದರೆ, ಒಂದು ವಾರದೊಳಗೆ ಮಾಡಬೇಕು. ದಯವಿಟ್ಟು ಡ್ರಿಲ್ ಮಾಡದೆ ಲಾಗ್‌ಬುಕ್ಕಿನಲ್ಲಿ ಬರೆಯಬೇಡ. ಹಿಂದೆ ನಾನಿದ್ದ ಒಂದು ಹಡಗಿನಲ್ಲಿ ಹಾಗೆ ನಡೆಯುತ್ತಿತ್ತು. ನಿಜವಾದ ಅಲಾರಂ ಬಂದ ದಿನ ಎಲ್ಲಿ ಸೇರಬೇಕೆಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಪ್ರಶ್ನೆ (ಕುಂದಾಪುರದ ಅಮ್ಮ):
ಆದರೂ ಕಡಲ್ಗಳ್ಳರು ಹತ್ತಿಯೇ ಬಿಟ್ಟರೆ ಏನು ಮಾಡುತ್ತಾರೆ ಸರ್?

ಉತ್ತರ:
ಹೊಡೆದಾಡುವುದಿಲ್ಲ ಅಮ್ಮ. ಹಡಗಿನಲ್ಲಿ ಒಂದು ಗುಟ್ಟಿನ ಬಟನ್ ಇರುತ್ತದೆ. ಕಡಿಮೆ ಅಂದರೂ ಎರಡು ಕಡೆ, ಅದರಲ್ಲಿ ಒಂದು ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ. ಒತ್ತಿದರೆ ಹಡಗಿನಲ್ಲಿ ಸದ್ದೇ ಆಗುವುದಿಲ್ಲ, ದಡಕ್ಕೆ ಸಂದೇಶ ಹೋಗುತ್ತದೆ. ಆಮೇಲೆ ಎಲ್ಲರೂ ಸಿಟಾಡೆಲ್ ಎಂಬ ಗಟ್ಟಿ ಬಾಗಿಲಿನ ಜಾಗಕ್ಕೆ ಹೋಗಿ ಒಳಗಿಂದ ಬೀಗ ಹಾಕಿಕೊಳ್ಳುತ್ತಾರೆ.

2024ರ ಜನವರಿಯಲ್ಲಿ ಸೊಮಾಲಿಯಾ ಕಡೆಯ ಸಮುದ್ರದಲ್ಲಿ ಲೀಲಾ ನಾರ್ಫೋಕ್ ಎಂಬ ಹಡಗಿಗೆ ಆಯುಧ ಹಿಡಿದ ಐದಾರು ಜನ ಹತ್ತಿದರು. ಸಿಬ್ಬಂದಿ ಸಂದೇಶ ಕಳಿಸಿ ಸಿಟಾಡೆಲ್ ಸೇರಿದರು. ನಮ್ಮ ನೌಕಾಪಡೆಯ ಐಎನ್‌ಎಸ್ ಚೆನ್ನೈ ಅಲ್ಲಿಗೆ ಹೋಯಿತು. ಮರುದಿನ ನೌಕಾಪಡೆಯದೇ ಮಾರ್ಕೋಸ್ ಕಮಾಂಡೋಗಳು ಹತ್ತಿ ನೋಡಿದಾಗ ಕಳ್ಳರು ಇರಲಿಲ್ಲ. ಒಳಗಿದ್ದ 21 ಜನವೂ ಕ್ಷೇಮ. ಅವರಲ್ಲಿ 15 ಮಂದಿ ಭಾರತೀಯರು.

ಮಗ ಫೋನ್ ಮಾಡಿದಾಗ ಒಂದು ಮಾತು ಕೇಳಿ: ಬಂದರಿನಲ್ಲಿ ಎಷ್ಟು ಗಂಟೆ ನಿದ್ದೆ ಮಾಡಿದೆ ಅಂತ. ಸರಕು ನೋಡಿಕೊಳ್ಳುವ ಪಾಳಿ, ಇನ್‌ಸ್ಪೆಕ್ಷನ್, ಅದರ ಮೇಲೆ ಈ ಜವಾಬ್ದಾರಿ. ನನಗೆ ಹೆಚ್ಚು ಕಷ್ಟ ಕೊಟ್ಟದ್ದು ಕಳ್ಳರಲ್ಲ, ನಿದ್ದೆಗೇಡು. ಹಾಗೇ, ಹಡಗಿನ ಭದ್ರತೆಯ ಪ್ಲಾನ್ ಗುಟ್ಟಿನದು. ಗಾರ್ಡ್ ಇದ್ದಾರಾ, ಮುಳ್ಳುತಂತಿ ಎಲ್ಲಿ ಕಟ್ಟಿದ್ದಾರೆ ಎಂದು ತಿಳಿಸುವ ಫೋಟೋ ಅವನು ಕಳಿಸಿದರೆ ಬೇರೆಯವರಿಗೆ ಕಳಿಸಬೇಡಿ.

ಕುಂದಾಪುರದ ಅಮ್ಮ:
ತುಂಬಾ ಉಪಕಾರ ಸರ್. ತಂತಿ ಕಟ್ಟುವ ಫೋಟೋ ಹಿಂದೆ ಕಳಿಸಿದ್ದ, ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. ಅಳಿಸುವುದು ಹೇಗೆ ಅಂತ ಮಗಳಿಗೆ ಈಗಲೇ ಕೇಳುತ್ತೇನೆ.