ಓಣಿಯವರಿಗೆ ಮನ್ಯಾಗ ಮಾಡಿದ ಕೇಕು, ಬಿಸ್ಕತ್ತು ಹಂಚೋದು: ಗೊತ್ತಿದ್ದವರು ಹೇಳ್ರಿ

ಕೊಪ್ಪಳ, ಭಾಗ್ಯನಗರ: ಬಾಡಿಗೆ ಮನಿಗೆ ಹೊಸದಾಗಿ ಬಂದೀವಿ. ಓಣ್ಯಾಗ 12 ಮನಿ, ಯಾರ ಪರಿಚಯಾನೂ ಇಲ್ಲ. 30 ಲೀಟರ್ ಓಟಿಜಿ (ಕರೆಂಟಿನ ಓವನ್) ಐತಿ, ಕರೆಂಟ್ ಮಾತ್ರ ನಂಬಂಗಿಲ್ಲ. ಏನು ಮಾಡಿ ಕೊಡಲಿ, ಹೆಂಗ ಕೊಡಲಿ?

ಬಳ್ಳಾರಿ, ಸತ್ಯನಾರಾಯಣಪೇಟೆ: ನಾನ್‌ಖಟಾಯಿನೇ ಮಾಡ್ರಿ. ಮೈದಾ 200 ಗ್ರಾಂ, ಕಡ್ಲಿಹಿಟ್ಟು 50, ಪುಡಿ ಸಕ್ಕರೆ 125, ತುಪ್ಪ 150, ಏಲಕ್ಕಿ. 20 ಗ್ರಾಮಿನ ಉಂಡಿ ಕಟ್ಟಿದ್ರ 26 ಆಗ್ತಾವ, ಮನಿಗೆ ಎರಡು. ಖರ್ಚೆಲ್ಲಾ ತುಪ್ಪದ್ದೇ, ಹಂಗಂತ ಡಾಲ್ಡಾ ಹಾಕಬ್ಯಾಡ್ರಿ, ಬಾಯಾಗ ಅಂಗುಳಕ್ಕ ಅಂಟಿಕೊಳ್ತದ. ತುಪ್ಪ ಹೆರೆತಿರಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಅದು ನೀರಾಗಿ ಬಿಡ್ತದ, ಟ್ರೇನ್ಯಾಗ ಉಂಡಿ ಹರಡಿ ಒಂದಕ್ಕೊಂದು ಕೂಡ್ತಾವ. ಉಂಡಿ ಕಟ್ಟಿದ ಮ್ಯಾಲೆ 20 ನಿಮಿಷ ಫ್ರಿಜ್ಜು, ಆಮೇಲೆ 160 ಡಿಗ್ರಿ, 18ರಿಂದ 20 ನಿಮಿಷ. ತೆಗೆದಾಗ ಮೆತ್ತಗ ಇರ್ತಾವ, ಬೆಂದಿಲ್ಲಂತ ಮತ್ತ ಒಳಗ ಇಡಬ್ಯಾಡ್ರಿ. ಆರಿದ್ರ ತಾವೇ ಗಟ್ಟಿ ಆಗ್ತಾವ.

ರಾಯಚೂರು: ನಾನ್‌ಖಟಾಯಿ ಪ್ರತಿ ಬೇಕರಿಯಲ್ಲೂ ಸಿಗ್ತದೆ, ಅದನ್ನ ಕೊಟ್ಟು ಏನು ವಿಶೇಷ? ಮೊಸರಿನ ಕೇಕ್ ಮಾಡ್ರಿ, ಮೊಟ್ಟೆ ಬೇಡ. ಮೈದಾ 190 ಗ್ರಾಂ, ಮೊಸರು 1 ಕಪ್, ಸಕ್ಕರೆ 150 ಗ್ರಾಂ, ಎಣ್ಣೆ ಅರ್ಧ ಕಪ್, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ. ಶೇಂಗಾ ಎಣ್ಣೆ ವಾಸನೆ ಹೊಡೀತದೆ, ಸೂರ್ಯಕಾಂತಿ ಸಾಕು. ಸೋಡಾ ಮೊಸರಿಗೆ ಬಿದ್ದ ಗಳಿಗೆಯಿಂದ ಗಾಳಿ ಹುಟ್ಟೋಕೆ ಶುರು. ಓಟಿಜಿ ಮೊದಲೇ ಕಾದಿರಬೇಕು, ಕಲಸಿದ ಹಿಟ್ಟು ತಕ್ಷಣ ಒಳಗೆ ಹೋಗಬೇಕು. 180 ಡಿಗ್ರಿ, 35 ನಿಮಿಷ. ಮೊದಲ 20 ನಿಮಿಷದಲ್ಲಿ ಕರೆಂಟ್ ಹೋದ್ರೆ ನಡು ಕುಸೀತದೆ. ಅದರ ಮೇಲೆ ಹೋದ್ರೆ ಬಾಗಿಲು ತೆಗೀಬೇಡ್ರಿ, ಒಳಗಿನ ಕಾವಿಗೇ ಬಹಳ ಮಟ್ಟಿಗೆ ಬೇಯ್ತದೆ.

ಗಂಗಾವತಿ: ಕರೆಂಟ್ ನಂಬಂಗಿಲ್ಲ ಅಂತ ಅವ್ರು ಮೊದಲೇ ಹೇಳ್ಯಾರ, ಮತ್ತ ಓಟಿಜಿ ಪುರಾಣ ಯಾಕ? ಕುಕ್ಕರ್ ತಗೊಳ್ರಿ. ಗ್ಯಾಸ್ಕೆಟ್ಟು, ಸೀಟಿ ಎರಡೂ ತೆಗೀರಿ, ನೀರು ಹಾಕಬ್ಯಾಡ್ರಿ. ತಳಕ್ಕ ದಪ್ಪ ಉಪ್ಪು, ಅದರ ಮ್ಯಾಲೆ ಸ್ಟ್ಯಾಂಡು. 10 ನಿಮಿಷ ಕಾಸಿ ಡಬರಿ ಇಟ್ರ ಸಣ್ಣ ಉರಿಯಾಗ 45 ನಿಮಿಷ.

ರಾಯಚೂರು: ಖಾಲಿ ಕುಕ್ಕರ್ ಕಾಸಬಾರದು ಅಂತ ಕಂಪನಿಯವರೇ ಪುಸ್ತಕದಲ್ಲಿ ಬರೀತಾರೆ! ತಳ ಸೊಟ್ಟಾದ್ರೆ ಹೊಸ ಕುಕ್ಕರ್ ನೀವು ಕೊಡಿಸ್ತೀರಾ?

ಗಂಗಾವತಿ: ಅದಕ್ಕ ಉಪ್ಪು ಅಂದೆ. ಹೊಸಾದ್ ಯಾರು ಇಡು ಅಂದ್ರು? ಹಳೇ ದಪ್ಪ ತಳದ ಪಾತೇಲಿ, ಮ್ಯಾಲೆ ಬಿಗಿ ಮುಚ್ಚಳ, ಅಷ್ಟಿದ್ರೂ ನಡೀತದ.

ಸಿಂಧನೂರು: ಕುಕ್ಕರ್ ಜಗಳ ಬಿಡ್ರಿ. ಹಂಚೋದ್ರಾಗ ಕೆಡೋದು ಡಬ್ಬಿ ವಿಷಯ. ನಮ್ಮ ಕಡೆ ಡಬ್ಬಿ ಖಾಲಿ ವಾಪಸ್ ಕೊಡಂಗಿಲ್ಲ. ಸ್ಟೀಲ್ ಡಬ್ಬ್ಯಾಗ ಕೊಟ್ರ ಅವರು ಸಕ್ಕರಿನೋ ಶೇಂಗಾ ಚಟ್ನಿಪುಡಿನೋ ಹಾಕಿ ಕೊಡಬೇಕಾಗ್ತದ. ವಾರ ವಾರ ಕೊಟ್ರ ಅದು ಅವರ ತಲಿಮ್ಯಾಲಿನ ಸಾಲ. ಬೆಣ್ಣೆಕಾಗದದಾಗ ಸುತ್ತಿ ಕೊಡ್ರಿ, ತಿಂಗಳಿಗೊಮ್ಮೆ ಸಾಕು. ಬಿಸಿ ಇದ್ದಾಗ ಕಟ್ಟಬ್ಯಾಡ್ರಿ. ಒಳಗ ಬೆವರಿ ಮರುದಿನಾನೇ ಕೆಡ್ತದ.

ಬಳ್ಳಾರಿ, ಕೌಲ್ ಬಜಾರ್: ಮೊಟ್ಟೆ ಹಾಕಿದ ಕೇಕಿನ ಹದ ಮೊಸರಿಗೆ ಬರಲ್ಲ. ಕೇಳಿದವರಿಗೆ ಮೊಟ್ಟೆ ಇದೆ ಅಂತ ಹೇಳಿದ್ರಾಯ್ತು.

ಸಿಂಧನೂರು: ಕೇಳಿದ್ರ ಅಲ್ಲರೀ, ಕೊಡೂಕಿಂತ ಮೊದಲೇ ಹೇಳಬೇಕು! ಮೊಟ್ಟೆ ಮುಟ್ಟದ ಮನಿಗೆ ಗೊತ್ತಿಲ್ಲದ ಕೊಟ್ರ ಆ ಬಾಗಿಲು ಮತ್ತ ತೆರಿಯಂಗಿಲ್ಲ. ಶ್ರಾವಣದಾಗ ಬಿಡೋರೂ ಅದಾರ. ಬೀಟರ್ರು, ಟಿನ್ನು, ಎಣ್ಣೆ ಹಚ್ಚೋ ಬ್ರಷ್ಷು ಸೈತ ಬ್ಯಾರೆ ಇಡಬೇಕು. ಶೇಂಗಾ, ಗೋಡಂಬಿ ಹಾಕಿದ್ರ ಅದನ್ನೂ ಹೇಳ್ರಿ, ಕೆಲವು ಮಕ್ಕಳಿಗೆ ಆಗಂಗಿಲ್ಲ.

ಕೌಲ್ ಬಜಾರ್: ಹಂಗಾದ್ರೆ ಚೀಟಿ ಅಂಟಿಸಿ ಕೊಡ್ಲಿ. ನನ್ನ ಮಾತು ಹದದ ಬಗ್ಗೆ, ಅದನ್ನ ಬದಲಾಯಿಸಲ್ಲ.

ಕುಷ್ಟಗಿ: ಎಲ್ಲಾರೂ ಮೈದಾನೇ ಹಿಡಕೊಂಡೀರಿ. ಜೋಳದ ಬಿಸ್ಕತ್ತು ಮಾಡ್ರಿ, ವಯಸ್ಸಾದವರೂ ತಿಂತಾರ. ಬರೇ ಜೋಳ ಆದ್ರ ಪುಡಿಪುಡಿ, ಅದರಾಗ ಅಂಟು ಇಲ್ಲ. ಅರ್ಧ ಗೋಧಿಹಿಟ್ಟು ಕೂಡಿಸ್ರಿ, ಸಕ್ಕರೆ ಬದಲು ಬೆಲ್ಲದ ಪುಡಿ. ಹಾಲು ಹಾಕಿ ಅರ್ಧ ತಾಸು ಬಿಟ್ರ ಹಿಟ್ಟು ನೀರು ಕುಡೀತದ, ಲಟ್ಟಿಸಿದ್ರ ಅಂಚು ಸೀಳಂಗಿಲ್ಲ. ಹಿಟ್ಟು ಹೊಸದಾಗಿ ಬೀಸಿದ್ದಿರಲಿ, ಹಳೇದು ಕಹಿ ಬರ್ತದ.

ಸತ್ಯನಾರಾಯಣಪೇಟೆ: ಬೆಲ್ಲ ಹಾಕಿದ್ರೆ 160ರ ಮ್ಯಾಲೆ ಹೋಗಬ್ಯಾಡ್ರಿ, ತಳ ಬೇಗ ಕಪ್ಪಾಗ್ತದ.

ಕುಷ್ಟಗಿ: 150 ಸಾಕು, 25 ನಿಮಿಷ. ಕೆಳಗಿನ ರಾಡ್ ಒಂದೇ ಉರಿಸಬ್ಯಾಡ್ರಿ, ಎರಡೂ ಹಾಕ್ರಿ, ಟ್ರೇ ನಡುವಿನ ಸಾಲಿನಾಗ.