ಪದ್ಮಿನಿಯ ಸ್ಟೇರಿಂಗ್ ಜಾಯಿಂಟ್ ಬದಲಿಸಿದವರು ಯಾರಾದರೂ ಇದ್ದೀರಾ?

ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಕೈಗೆ ಬಂದಿದೆ. ಸ್ಟೇರಿಂಗ್ ಮೂರು ಬೆರಳಷ್ಟು ತಿರುಗಿದರೂ ಚಕ್ರ ಅಲುಗುವುದಿಲ್ಲ. ಮೆಕ್ಯಾನಿಕ್ "ಎಲ್ಲಾ ಜಾಯಿಂಟ್ ಹೊಸದು ಹಾಕಿಬಿಡೋಣ ಸಾರ್" ಅನ್ನುತ್ತಾರೆ. ಒಪ್ಪಿಕೊಳ್ಳಲಾ?

ಹುಬ್ಬಳ್ಳಿಯಿಂದ: ಮೊದಲು ಪ್ಲೇ, ಅಂದರೆ ಸಡಿಲ ಆಟ, ಎಲ್ಲಿದೆ ನೋಡಿ, ದುಡ್ಡು ಆಮೇಲೆ. ಗಾಡಿ ನೆಲದ ಮೇಲೇ ನಿಂತಿರಲಿ, ಇಂಜಿನ್ ಆಫ್. ಒಬ್ಬರು ಸ್ಟೇರಿಂಗನ್ನು ಅತ್ತಿತ್ತ ಸ್ವಲ್ಪ ಅಲ್ಲಾಡಿಸುತ್ತಿರಲಿ. ನೀವು ಕೆಳಗಿನಿಂದ ಒಂದೊಂದೇ ಜಾಯಿಂಟ್ ಹಿಡಿದು ನೋಡಿ. ಸವೆದದ್ದು ಕೈಗೆ ಟಕ್ ಅಂತ ಸಿಕ್ಕಿಬಿಡುತ್ತದೆ. ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ಒಯ್ಯಲು ನಡುವೆ ಒಂದು ಉದ್ದದ ರಾಡ್, ಆಚೀಚೆ ಒಂದೊಂದು ಗಿಡ್ಡ ರಾಡ್, ಪ್ರತಿ ರಾಡಿನ ಎರಡೂ ತುದಿಗೆ ಒಂದೊಂದರಂತೆ ಒಟ್ಟು ಆರು ಜಾಯಿಂಟ್. ಜನ ಮರೆಯುವುದು ಐಡ್ಲರ್ ಆರ್ಮನ್ನು. ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ತಿರುವನ್ನು ರಾಡಿಗೆ ದಾಟಿಸುವ ಗೇರ್ ಪೆಟ್ಟಿಗೆ) ಇರದ ಬದಿಯಲ್ಲಿ ನಡುವಿನ ರಾಡಿಗೆ ಆಧಾರವಾಗಿ ಇರುತ್ತದಲ್ಲ, ಅದು. ಅದರ ಬುಷ್ (ತಿರುಗುವ ಜಾಗದ ಒಳಬಳೆ) ಸವೆದು ಹೋಗಿದ್ದರೆ ಆರೂ ಹೊಸದು ಹಾಕಿದರೂ ಪ್ಲೇ ಹೋಗುವುದಿಲ್ಲ. ನಾನು ಆರೂ ಹಾಕಿಸಿದ ಮೇಲೆ ಕಲಿತ ಪಾಠ ಇದು!

ಮೈಸೂರಿನಿಂದ: ಜಾಕಿ ಹಾಕಿಯೂ ಒಮ್ಮೆ ನೋಡಿ, ಕೆಳಗೆ ಸ್ಟ್ಯಾಂಡ್ ಇಡಿ. ಚಕ್ರವನ್ನು ಎಡಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಡಿದರೆ ಜಾಯಿಂಟಿನ ಕಡೆ ನೋಡಿ. ಮೇಲೆ ಕೆಳಗೆ ಹಿಡಿದಾಗಲೂ ಆಡಿದರೆ ಕಿಂಗ್ ಪಿನ್ (ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಪಿನ್) ಅಥವಾ ಚಕ್ರದ ಬೇರಿಂಗ್. ಆಗ ಯಾರಿಗಾದರೂ ಬ್ರೇಕ್ ತುಳಿಯಲು ಹೇಳಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. ಕಿಂಗ್ ಪಿನ್ ಕೆಲಸ ಬೇರೆಯೇ, ರೀಮರ್ (ತೂತನ್ನು ಅಳತೆಗೆ ಕೊರೆಯುವ ಉಪಕರಣ) ಇರುವ ಗ್ಯಾರೇಜ್ ಹುಡುಕಬೇಕು.

ಬೆಂಗಳೂರಿನಿಂದ: ಬಿಚ್ಚುವಾಗ ಜಾಯಿಂಟಿನ ಪಿನ್ನಿನ ತುದಿಗೆ ಸುತ್ತಿಗೆ ಏಟು ಕೊಡಲು ಬಿಡಬೇಡಿ, ಥ್ರೆಡ್ ಹಾಳಾಗುತ್ತದೆ. ನಟ್ಟನ್ನು ಎರಡು ಸುತ್ತು ಉಳಿಸಿ ಸಡಿಲ ಮಾಡಿ, ಪಿನ್ ಕೂತಿರುವ ಆರ್ಮಿನ ಬದಿಗೆ ಒಂದು ಸುತ್ತಿಗೆ ಆನಿಸಿ, ಎದುರಿನಿಂದ ಇನ್ನೊಂದರಲ್ಲಿ ಹೊಡೆದರೆ ಟೇಪರ್ (ತುದಿಗೆ ಸಣ್ಣಗಾಗುವ ಪಿನ್ನಿನ ಹಿಡಿತ) ಬಿಡುತ್ತದೆ. ಪುಲ್ಲರ್ (ಒತ್ತಿ ಬಿಡಿಸುವ ಉಪಕರಣ) ಇದ್ದರೆ ಇನ್ನೂ ಒಳ್ಳೆಯದು. ಹಳೆಯ ಎಂಡ್ (ರಾಡಿನ ತುದಿಯ ಜಾಯಿಂಟ್) ತಿರುಗಿಸಿ ತೆಗೆಯುವಾಗ ಸುತ್ತು ಎಣಿಸಿ ಬರೆದಿಡಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿ. ಗ್ಯಾರೇಜಿನಿಂದ ಅಲೈನ್‌ಮೆಂಟ್ ಅಂಗಡಿವರೆಗೆ ಗಾಡಿ ನೆಟ್ಟಗೆ ಹೋಗಬೇಕಲ್ವಾ! ಒಂದು ತುದಿಗೆ ಉಲ್ಟಾ ಥ್ರೆಡ್ ಇರುತ್ತದೆ, ಹಾಗಾಗಿ ಎಂಡ್ ಕೊಳ್ಳುವಾಗ ಹಳೆಯದನ್ನು ಇಲ್ಲಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗೆ ಜೊತೆಗೇ ಒಯ್ಯಿರಿ. ಸ್ಪ್ಲಿಟ್ ಪಿನ್ (ನಟ್ಟು ಕಳಚದಂತೆ ತೂತಿನಲ್ಲಿ ತೂರಿಸುವ ಪಿನ್) ಹೊಸದೇ ಹಾಕಿ. ತೂತು ಕೂಡದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಮಾಡಿ ಕೂಡಿಸಿ, ಸಡಿಲ ಮಾಡಿ ಅಲ್ಲ.

ಮಂಗಳೂರಿನಿಂದ: ಬಾಕ್ಸಿನ ಮೇಲಿನ ಅಡ್ಜಸ್ಟ್ ಸ್ಕ್ರೂ ಬಿಗಿಮಾಡಿ "ಸರಿಯಾಯ್ತು" ಅಂದರೆ ನಂಬಬೇಡಿ. ಒಳಗಿನ ವರ್ಮ್ (ಸ್ಕ್ರೂ ಆಕಾರದ ಗೇರ್) ಹೆಚ್ಚು ಸವೆಯುವುದು ನಡುವಿನಲ್ಲಿ. ಅಲ್ಲಿ ಪ್ಲೇ ಹೋಗುವಷ್ಟು ಬಿಗಿಮಾಡಿದರೆ ಪೂರ್ತಿ ತಿರುಗಿಸುವಾಗ ಸ್ಟೇರಿಂಗ್ ಹಿಡಿಯುತ್ತದೆ. ಘಾಟಿ ತಿರುವಿನಲ್ಲಿ ನನಗೆ ಹಾಗಾಗಿ ಬೆವರು ಇಳಿದಿತ್ತು.

ಶಿವಮೊಗ್ಗದಿಂದ, ಕೇಳಿದವನೇ: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ತಮ್ಮನನ್ನು ಸ್ಟೇರಿಂಗ್ ಹಿಂದೆ ಕೂರಿಸಿ ಕೆಳಗೆ ಮಲಗಿದೆ. ಟಕ್ ಅಂದದ್ದು ಎರಡೇ ಜಾಯಿಂಟ್, ಎರಡೂ ಎಡಗಡೆಯ ಗಿಡ್ಡ ರಾಡಿನವು. ಐಡ್ಲರ್ ಆರ್ಮ್ ಕೂಡ ಮೇಲೆ ಕೆಳಗೆ ಆಡುತ್ತಿದೆ. ಎಲ್ಲಾ ಹಾಕಿಸುವ ಮಾತು ಬಿಟ್ಟೆ. ಆ ಎರಡು ಎಂಡ್, ಐಡ್ಲರ್ ಬುಷ್, ಒಂದು ಹಿಡಿ ಸ್ಪ್ಲಿಟ್ ಪಿನ್, ಇಷ್ಟು ಪಟ್ಟಿ ಮಾಡಿದ್ದೇನೆ.